ತ್ರಿವಿಕ್ರಮನ ಬೆನ್ನು

(ಹಾಸನದಲ್ಲಿ ಒಂದು ಭಾನುವಾರ ಬೆಳಿಗ್ಗೆ, ಚಿತ್ರ ಕಲಿಯುವ ಆಸೆಯಿರುವ ಮಕ್ಕಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳಿವು. ತಡವರಿಸಿದ್ದನ್ನೆಲ್ಲ ತೆಗೆದು ಬರೆದಿದ್ದೇನೆ. ನಡುವೆ ನಡೆದ ಲೋಟದ ಜಗಳ ಮಾತ್ರ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಈಗ ನನ್ನನ್ನು ‘ಕಾಮಿಕ್ಸ್ ಕಲಾವಿದರು’ ಅಂತ ಪರಿಚಯ ಮಾಡಿದರು. ಅದು ಸ್ವಲ್ಪ ಜಾಸ್ತಿಯಾಯಿತು. ನನ್ನದು ಬಸ್ ಸ್ಟ್ಯಾಂಡ್ ಹತ್ತಿರ ಒಂದು ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್, ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಮಾಡುವ ನಡುವೆ ಚಿತ್ರ ಕಲಿತವನು ನಾನು. ಈವರೆಗೆ ಪೂರ್ತಿ ಮುಗಿಸಿದ ಕಾಮಿಕ್ಸ್ ಒಂದೇ. ಅದೂ 8 ಪುಟ. ಆ 8 ಪುಟಕ್ಕೆ ಮೊದಲು ಏನೇನು ನಡೆಯಿತು ಅನ್ನುವುದನ್ನು ಹೇಳಿ ಕೂತುಬಿಡುತ್ತೇನೆ.

ನಮ್ಮ ಅಜ್ಜನ ಮನೆಯಲ್ಲಿ ಹಳೇ ಚಂದಮಾಮಗಳ ಒಂದು ದಪ್ಪ ಬೈಂಡ್ ಇತ್ತು. ಬೇತಾಳನ ಕಥೆಯ ಜೊತೆ ಬರುತ್ತಿದ್ದ ಆ ಚಿತ್ರ ಇಲ್ಲಿ ಹಿಂದಿನ ಸಾಲಿನಲ್ಲಿ ಕೂತವರಿಗೆಲ್ಲ ನೆನಪಿರುತ್ತೆ. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಸ್ಮಶಾನದಲ್ಲಿ ನಡೆದು ಬರುವ ರಾಜ ತ್ರಿವಿಕ್ರಮ. ಅದನ್ನು ಬರೆದವರು ಶಂಕರ್. ಪೂರ್ತಿ ಹೆಸರು ಕೆ.ಸಿ. ಶಿವಶಂಕರನ್. 2020ರಲ್ಲಿ ತೀರಿಕೊಂಡರು. ಆ ಚಿತ್ರವನ್ನು ನಾನು ಎಷ್ಟು ಸಲ ನಕಲು ಮಾಡಿದ್ದೆ ಅಂದರೆ, ಕಣ್ಣು ಮುಚ್ಚಿಕೊಂಡು ಬರೆದರೂ ಕಿರೀಟ ಅದರ ಜಾಗದಲ್ಲೇ ಕೂರುತ್ತಿತ್ತು. ಮದುವೆ ಮನೆಯಲ್ಲಿ ಯಾರಾದರೂ ‘ನಮ್ಮ ಹುಡುಗ ಚಿತ್ರ ಬರೀತಾನೆ’ ಅಂದರೆ ಸಾಕು, ಕೈಗೆ ಸಿಕ್ಕಿದ ಹಾಳೆ ಮೇಲೆ ತ್ರಿವಿಕ್ರಮ ಬಂದು ನಿಲ್ಲುತ್ತಿದ್ದ.

2020ರ ಲಾಕ್‌ಡೌನ್. ಅಂಗಡಿ ಮುಚ್ಚಿತ್ತು. ಅಕ್ಕನ ಮಗಳು ನಮ್ಮ ಮನೆಯಲ್ಲೇ ಉಳಿದುಕೊಂಡಿದ್ದಳು. ಆಗ ಅವಳಿಗೆ 9 ವರ್ಷ. ಅವಳ ಮುಂದೆಯೂ ನಾನು ತ್ರಿವಿಕ್ರಮನನ್ನು ಬರೆದು ತೋರಿಸಿದೆ. ಅವಳು ನೋಡಿದಳು. ‘ಚೆನ್ನಾಗಿದೆ ಮಾಮ. ಈಗ ಹಿಂದುಗಡೆಯಿಂದ ಬರಿ’ ಅಂದಳು.

ಪೆನ್ಸಿಲ್ ಕೆಳಗಿಟ್ಟವನು ಆ ದಿನ ಮತ್ತೆ ಎತ್ತಲಿಲ್ಲ.

ಯಾಕೆ ಅಂದರೆ ನನಗೆ ಗೊತ್ತಿದ್ದದ್ದು ರಾಜನಲ್ಲ. ರಾಜನ ಆಕಾರಕ್ಕೆ ಸರಿಯಾಗಿ ಬಾಗಿದ ಒಂದಷ್ಟು ಗೆರೆಗಳು, ಅಷ್ಟೆ. ಗೋಡೆಗೆ ಹಾಕುವ ಒಂದು ಚಿತ್ರಕ್ಕೆ ಅದು ಸಾಕು. ಕಾಮಿಕ್ಸ್‌ಗೆ ಸಾಲದು. ನನ್ನ 8 ಪುಟದ ಕಥೆಯಲ್ಲಿ ಒಬ್ಬ ಕಂಡಕ್ಟರ್ ಇದ್ದಾನೆ. ಅವನು 31 ಸಲ ಬರುತ್ತಾನೆ. ಒಂದು ಸಲ ಮುಂದಿನಿಂದ, ಒಂದು ಸಲ ಬೆನ್ನಿನ ಕಡೆಯಿಂದ, ಒಂದು ಸಲ ಕೆಳಗೆ ನಿಂತ ಮಗುವಿನ ಕಣ್ಣಿಗೆ ಕಂಡ ಹಾಗೆ. 31 ಸಲವೂ ‘ಇವನು ಅವನೇ’ ಅಂತ ಓದುವವರಿಗೆ ಅನಿಸಬೇಕು. ಅಂದರೆ ತಲೆಯೊಳಗೆ ಆ ಮನುಷ್ಯನನ್ನು ಗಿರಗಿಟ್ಲೆ ಥರ ತಿರುಗಿಸಲು ಬರಬೇಕು. ನಕಲು ಮಾಡುವುದರಿಂದ ಅದು ಬರುವುದಿಲ್ಲ. ನಕಲು ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ, ಕೈ ಪಳಗುತ್ತೆ. ಆದರೆ 15 ವರ್ಷ ಬರೀ ನಕಲು ಮಾಡಿದವನು ನಿಮ್ಮ ಮುಂದೆ ನಿಂತಿದ್ದಾನೆ, ನೋಡಿಕೊಳ್ಳಿ.

ಹಾಗಾದರೆ ಎಲ್ಲಿ ಕಲಿಯೋದು? ಬೆಂಗಳೂರಿಗೋ ಮೈಸೂರಿಗೋ ಹೋಗಿ ಸೇರುವಷ್ಟು ಬಿಡುವೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಇದ್ದದ್ದು ಫೋನು, ದಿನಕ್ಕೆ ಒಂದೂವರೆ ಜಿಬಿ. ಯೂಟ್ಯೂಬ್ ತೆರೆದೆ. ಕೈ ಬರೆಯೋದು ಹೇಗೆ, ಕಣ್ಣು ಬರೆಯೋದು ಹೇಗೆ, ಬಟ್ಟೆ ಮಡಿಕೆ ಹೇಗೆ, ಎಲ್ಲವೂ ಇದೆ. ಮೊದಲ ಮೂರು ತಿಂಗಳು ನಾನು ಎಷ್ಟು ನೋಡಿದೆ ಅಂದರೆ, ಚಿತ್ರದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದೆ. ಬರೆದಿದ್ದು ಹತ್ತು ಹಾಳೆಯೂ ಇಲ್ಲ. ಈಜುವುದನ್ನು ದಡದಲ್ಲಿ ಕೂತು ನೋಡಿದ ಹಾಗೆ. ನೋಡುವಾಗ ಎಲ್ಲ ಗೊತ್ತಾದ ಹಾಗೇ ಇರುತ್ತೆ, ಅಲ್ವಾ?

ಆಮೇಲೆ ಒಂದು ಕೋರ್ಸಿಗೆ ದುಡ್ಡನ್ನೂ ಕಟ್ಟಿದೆ. ಹೆಸರು ಬೇಡ. 30 ದಿನದಲ್ಲಿ ಕಾಮಿಕ್ಸ್ ಕಲಾವಿದ ಮಾಡುತ್ತೇವೆ ಅಂದಿದ್ದರು. ಮೂರನೇ ದಿನವೇ ಸೂಪರ್‌ಹೀರೋನ ಎದೆಗೆ ನೆರಳು ಹಾಕಿಸಿದರು. ನೆರಳೇನೋ ಬಿತ್ತು, ಎದೆಯೇ ಸೊಟ್ಟಗಿತ್ತು. ಬಾಗಿಲು ಕೂರಿಸುವ ಮೊದಲೇ ತೋರಣ ಕಟ್ಟಿದ ಹಾಗಾಯಿತು. ದುಡ್ಡು ವಾಪಸ್ ಬರಲಿಲ್ಲ. ಬೈದುಕೊಂಡು ಸುಮ್ಮನಾದೆ.

ನನಗೆ ದಾರಿ ತೋರಿಸಿದ್ದು ಡ್ರಾಅಬಾಕ್ಸ್ ಅನ್ನುವ ಒಂದು ಉಚಿತ ಪಾಠಮಾಲೆ. ಹೆಸರಲ್ಲೇ ಇದೆ, ಡಬ್ಬಿ ಬರಿ ಅಂತ. ಅದು ಇಂಗ್ಲಿಷಿನಲ್ಲಿದೆ. ನಾನು ಓದಿದ್ದು ಕನ್ನಡ ಮೀಡಿಯಂ. ಮೊದಮೊದಲು ಹೆದರಿಕೆಯಾಯಿತು. ಆದರೆ ಚಿತ್ರದ ಪಾಠದಲ್ಲಿ ಚಿತ್ರವೇ ಮುಕ್ಕಾಲು ವಿಷಯ ಹೇಳಿಬಿಡುತ್ತೆ. ಉಳಿದದ್ದಕ್ಕೆ ಅಕ್ಕನ ಮಗಳು ಇದ್ದಳು.

ಅಲ್ಲಿ ಮೊದಲು ಕಲಿಸುವುದು ಗೆರೆ ಎಳೆಯೋದು. ಪೆನ್ಸಿಲ್ ಬೇಡ, ಪೆನ್ನಿನಲ್ಲೇ ಬರಿ ಅನ್ನುತ್ತಾರೆ. ಅಳಿಸಲು ಬಾರದು ಅಂತ ಗೊತ್ತಿದ್ದರೆ ಮನುಷ್ಯ ಎಳೆಯುವ ಮೊದಲು ಯೋಚನೆ ಮಾಡುತ್ತಾನೆ. ಒಂದು ಗೆರೆ ಹಾಕಿ. ಅದರ ಮೇಲೆಯೇ ಮತ್ತೆ ಎಳೆಯಿರಿ, ಒಟ್ಟು 8 ಸಲ. ಇದನ್ನು ಓದಿದಾಗ ನನಗೆ ನಗು ಬಂತು. ಇದು ನಾವು ಸ್ಲೇಟಿನ ಮೇಲೆ ‘ಅ’ ತಿದ್ದಿದ್ದೇ ಅಲ್ವಾ? ಅಪ್ಪ ಬರೆದ ಅಕ್ಷರದ ಮೇಲೆ ಬಳಪ ಇಟ್ಟು ತಿದ್ದಿ ತಿದ್ದಿ ಅದು ಕುಂಬಳಕಾಯಿ ಆಗುತ್ತಿತ್ತಲ್ಲ, ಅದೇ. ಕನ್ನಡದಲ್ಲಿ ನಾವು ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಮಾತು ಇಟ್ಟವರು ಸುಮ್ನೆ ಇಟ್ಟಿಲ್ಲ.

ಎರಡನೆಯದು, ಎರಡು ಚುಕ್ಕಿ ಇಟ್ಟು, ಅವುಗಳ ನಡುವೆ ಪೆನ್ನನ್ನು ಗಾಳಿಯಲ್ಲೇ ಎರಡು ಮೂರು ಸಲ ಆಡಿಸಿ, ಆಮೇಲೆ ಒಂದೇ ಎಳೆತಕ್ಕೆ ಸೇರಿಸಬೇಕು. ಮಣಿಕಟ್ಟಿನಿಂದ ಎಳೆಯಬಾರದು, ಭುಜದಿಂದ ಎಳೆಯಬೇಕು. ನನ್ನ ಗೆರೆಗಳು ನಡುಗುತ್ತಿದ್ದವು. ಅಮ್ಮ ಕಾಫಿ ತಂದಿಟ್ಟು ಹಾಳೆ ನೋಡಿದರು. ‘ಗುರಿ ಮುಟ್ಟುತ್ತೋ ಇಲ್ವೋ ಅಂತ ಹೆದರಿಕೊಂಡು ಎಳೀತಿದ್ದೀಯ. ಕೈ ತಡೀಬೇಡ ಕಣೋ, ಬಿಟ್ಬಿಡು’ ಅಂದರು. 35 ವರ್ಷ ದಿನಾ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿದ ಕೈ ಅದು. ಮಾರನೇ ದಿನ ಅವರು ರಂಗೋಲಿ ಹಾಕುವುದನ್ನು ನಿಂತು ನೋಡಿದೆ. ಮಣಿಕಟ್ಟು ಅಲ್ಲಾಡುವುದೇ ಇಲ್ಲ. ಇಡೀ ತೋಳು ತಿರುಗುತ್ತೆ. ಕಣ್ಣು ಪುಡಿ ಬೀಳುವ ಜಾಗದಲ್ಲಿ ಇರುವುದಿಲ್ಲ, ಮುಂದಿನ ಚುಕ್ಕಿಯಲ್ಲಿರುತ್ತೆ. ಹದಿನೈದು ನಿಮಿಷದ ವಿಡಿಯೋದಲ್ಲಿ ನನಗೆ ಅರ್ಥವಾಗದೇ ಇದ್ದದ್ದು ಆ ಹೊಸಲಿನಲ್ಲಿ ಅರ್ಥವಾಯಿತು.

ಆಮೇಲೆ ಡಬ್ಬಿ. 250 ಡಬ್ಬಿ ಬರೆಯಬೇಕು. ಒಂದೊಂದೂ ಬೇರೆ ಬೇರೆ ಕಡೆಗೆ ತಿರುಗಿರಬೇಕು. ನಾನು ದಿನಕ್ಕೆ 4ರ ಹಾಗೆ ಬರೆದೆ. ಎರಡು ತಿಂಗಳ ಮೇಲೇ ಹಿಡಿಯಿತು. ಹಾಳೆಗೇನೂ ಕೊರತೆಯಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಒಂದು ಕಡೆ ಹಾಳಾದ ಹಾಳೆ ದಿನಾ ಹತ್ತಿಪ್ಪತ್ತು ಬೀಳುತ್ತೆ. ನನ್ನ ಪಾಠವೆಲ್ಲ ಕರ್ರಗಾದ ಯಾರದೋ ಮಾರ್ಕ್ಸ್ ಕಾರ್ಡಿನ ಬೆನ್ನ ಮೇಲೇ ನಡೆದಿದೆ. ಪೆನ್ನು 10 ರೂಪಾಯಿಯ ಜೆಲ್ ಪೆನ್ನು.

ಡಬ್ಬಿಯೇ ಯಾಕೆ? ತಲೆಯನ್ನು ಒಂದು ಡಬ್ಬಿ ಅಂದುಕೊಳ್ಳಿ. ಎದೆಗೂಡು ಇನ್ನೊಂದು. ಸೊಂಟ ಮತ್ತೊಂದು. ಮೂಗು ಎಲ್ಲಿ ಬರುತ್ತೆ, ಜೇಬು ಎಲ್ಲಿ ಬರುತ್ತೆ ಅನ್ನುವುದು ಡಬ್ಬಿ ಯಾವ ಕಡೆ ತಿರುಗಿದೆ ಅನ್ನುವುದರ ಮೇಲೆ ನಿಂತಿದೆ. ಡಬ್ಬಿಯ ಹಿಂಬದಿ ಬರೆಯಲು ಬಂದರೆ ರಾಜನ ಬೆನ್ನು ಬರೆಯಲು ಅರ್ಧ ದಾರಿ ಬಂದ ಹಾಗೆ.

ಮನೆಯಲ್ಲಿ ಒಬ್ಬರೇ ಕಲಿಯುವಾಗ ದೊಡ್ಡ ತೊಂದರೆ ಅಂದರೆ ತಪ್ಪು ಹೇಳುವವರು ಇರುವುದಿಲ್ಲ. ಡಬ್ಬಿಯಲ್ಲಿ ಅದಕ್ಕೊಂದು ಉಪಾಯ ಇದೆ. ಒಂದೇ ದಿಕ್ಕಿಗೆ ಹೋಗುವ ನಾಲ್ಕು ಅಂಚುಗಳನ್ನು ಕೆಂಪು ಪೆನ್ನಿನಿಂದ ನಮ್ಮಿಂದ ದೂರದ ಕಡೆಗೆ ಉದ್ದಕ್ಕೆ ಎಳೆಯಿರಿ. ನಿಜವಾದ ಡಬ್ಬಿಯಲ್ಲಿ ಅವು ದೂರ ಹೋದಷ್ಟೂ ಹತ್ತಿರ ಬಂದು ಒಂದೇ ಕಡೆ ಸೇರಬೇಕು. ನಮ್ಮ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರಂ ತುದಿಯಲ್ಲಿ ನಿಂತರೆ ಹಳಿ ಸೇರುವ ಹಾಗೆ. ನಿಮ್ಮ ಗೆರೆಗಳು ಜಗಳ ಆಡಿಕೊಂಡ ಅಣ್ಣತಮ್ಮಂದಿರ ಥರ ಬೇರೆ ಬೇರೆ ಕಡೆ ಹೋದರೆ ಡಬ್ಬಿ ತಪ್ಪು. ನನ್ನ ಮೊದಲ 60 ಡಬ್ಬಿಗಳಲ್ಲಿ ಸರಿಯಾಗಿದ್ದವು ಬೆರಳೆಣಿಕೆಯಷ್ಟು. ಆ ಕೆಂಪು ಗೆರೆ ನಮ್ಮ ಲೆಕ್ಕದ ಮೇಷ್ಟ್ರಿಗಿಂತ ನಿಷ್ಠುರ.

ಅದೇ ಪಾಠದಲ್ಲಿ ಇನ್ನೊಂದು ನಿಯಮ ಇದೆ. ಅಭ್ಯಾಸಕ್ಕೆ ಎಷ್ಟು ಹೊತ್ತು ಕೊಡುತ್ತೀರೋ ಅಷ್ಟೇ ಹೊತ್ತು ಸುಮ್ನೆ ಇಷ್ಟ ಬಂದದ್ದನ್ನು ಬರೆಯಬೇಕು. ಚೆನ್ನಾಗಿ ಬರಬೇಕು ಅಂತೇನಿಲ್ಲ. ನಾನು ಇದನ್ನು ಬಿಟ್ಟುಬಿಟ್ಟೆ. ಬೇಗ ಮುಗಿಸುವ ಆಸೆಗೆ ಬರೀ ಡಬ್ಬಿ ಬರೆದೆ. 130ನೇ ಡಬ್ಬಿಗೆ ಪೆನ್ನು ನೋಡಿದರೇ ವಾಂತಿ ಬರುವ ಹಾಗಾಯಿತು. 20 ದಿನ ಹಾಳೆ ಮುಟ್ಟಲಿಲ್ಲ. ಮಕ್ಕಳೇ, ಅರ್ಧ ಹೊತ್ತು ಆಟ ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅಮ್ಮಂದಿರು ಬೈದರೆ ನನ್ನ ಹೆಸರು ಹೇಳಿ.

(ಇಲ್ಲಿ ಎಲ್ಲರಿಗೂ ಒಂದೊಂದು ಹಾಳೆ ಹಂಚಿ, ಮೇಜಿನ ಮೇಲಿದ್ದ ಸ್ಟೀಲ್ ಲೋಟ ಬರೆಯಲು ಹೇಳಿದೆ. ಐದು ನಿಮಿಷ.)

ಆಯಿತಾ? ಎತ್ತಿ ತೋರಿಸಿ. ನೋಡಿ, ಹೆಚ್ಚುಕಡಿಮೆ ಎಲ್ಲರೂ ಬಾಯಿಯನ್ನು ಮೊಟ್ಟೆ ಥರ ಗುಂಡಗೆ ಬರೆದಿದ್ದೀರಿ. ತಳವನ್ನು ಸ್ಕೇಲ್ ಇಟ್ಟ ಹಾಗೆ ನೇರ ಎಳೆದಿದ್ದೀರಿ.

(ಒಬ್ಬ ತಂದೆ ಎದ್ದು ನಿಂತರು. ‘ತಳ ಸಪಾಟಾಗೇ ಇದೆಯಲ್ಲ ಸಾರ್, ಮೇಜಿನ ಮೇಲೆ ಕೂತಿದೆ. ಗೆರೆ ನೇರ ಇಲ್ಲದೆ ಇನ್ನೇನು?’ ಅಂದರು. ಅವರ ಮಗಳು ಅವರ ಅಂಗಿ ಜಗ್ಗುತ್ತಿದ್ದಳು. ನಾನು ಲೋಟ ಹಿಡಿದು ಅವರ ಹತ್ತಿರ ಹೋದೆ.)

ತಗೊಳ್ಳಿ, ನಿಮ್ಮ ಕಣ್ಣಿನ ಮಟ್ಟಕ್ಕೇ ಬಾಯಿ ಹಿಡಿದಿದ್ದೇನೆ. ಈಗ ಬಾಯಿ ಹೇಗೆ ಕಾಣುತ್ತೆ? ಬರೀ ಗೆರೆ. ಸ್ವಲ್ಪ ಇಳಿಸುತ್ತೇನೆ. ಬಾಯಿ ತೆರೆಯಿತು. ಇನ್ನೂ ಇಳಿಸುತ್ತೇನೆ. ಇನ್ನೂ ಗುಂಡಾಯಿತು. ಕಣ್ಣಿನ ಮಟ್ಟದಿಂದ ಕೆಳಗೆ ಹೋದಷ್ಟೂ ಗುಂಡು ಜಾಸ್ತಿ. ಈಗ ಹೇಳಿ, ಬಾಯಿಗಿಂತ ತಳ ಮೇಲಿದೆಯೋ ಕೆಳಗಿದೆಯೋ? ಕೆಳಗಿದೆ. ಹಾಗಾದರೆ ತಳದ ಗೆರೆ ಬಾಯಿಗಿಂತ ಜಾಸ್ತಿ ಬಾಗಬೇಕು. ನೀವು ನೇರ ಎಳೆದದ್ದು ಯಾಕೆ ಅಂದರೆ, ಲೋಟ ನೋಡಿ ಬರೆಯಲಿಲ್ಲ. ತಳ ಸಪಾಟು ಅಂತ ನಿಮಗೆ ಮೊದಲೇ ಗೊತ್ತಿತ್ತು. ಗೊತ್ತಿರುವುದು ಕಾಣುವುದಕ್ಕೆ ಅಡ್ಡ ಬಂತು.

(ಅವರು ಲೋಟ ಕೈಗೆ ತೆಗೆದುಕೊಂಡು ಮೇಲೆ ಕೆಳಗೆ ಮಾಡಿ ನೋಡಿದರು. ‘ಅಟ್ಟದ ಮೇಲಿಟ್ಟರೆ?’ ಅಂದರು. ಆಗ ಗೆರೆ ಉಲ್ಟಾ ಬಾಗುತ್ತೆ, ಕಮಾನಿನ ಹಾಗೆ ಅಂದೆ. ಮಾತು ಮುಗಿಯುವವರೆಗೂ ಅವರು ಲೋಟ ವಾಪಸ್ ಕೊಡಲಿಲ್ಲ.)

ಈ ಕಣ್ಣಿನ ಮಟ್ಟ ಅನ್ನುವುದು ಕಾಮಿಕ್ಸ್‌ನ ಜೀವ. ಬಸ್ ಸ್ಟ್ಯಾಂಡಿನಲ್ಲಿ ನಿಂತುಕೊಳ್ಳಿ. ನೆಲ ಮಟ್ಟಸವಾಗಿದ್ದರೆ, ನಿಮ್ಮಷ್ಟೇ ಎತ್ತರ ಇರುವವರ ಕಣ್ಣೆಲ್ಲ ಒಂದೇ ಗೆರೆ ಮೇಲೆ ಬರುತ್ತೆ. ಪಕ್ಕದಲ್ಲಿ ನಿಂತವರದೂ ಅಲ್ಲೇ, ದೂರದ ಅರಸೀಕೆರೆ ಬಸ್ಸಿನ ಹತ್ತಿರ ಇರುವವರದೂ ಅಲ್ಲೇ. ದೂರದವರ ಕಾಲು ಮಾತ್ರ ಮೇಲೆ ಬರುತ್ತೆ. ಈಗ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತುಕೊಳ್ಳಿ. ಆ ಗೆರೆ ಎಲ್ಲರ ಎದೆಯ ಹತ್ತಿರಕ್ಕೆ ಇಳಿಯುತ್ತೆ. ಎಲ್ಲರೂ ದೊಡ್ಡವರಾಗಿ ಕಾಣುತ್ತಾರೆ. ಮಗುವಿನ ಕಥೆ ಹೇಳಬೇಕಾದರೆ ಗೆರೆ ಇಳಿಸಿ ಅಂತ ನನಗೆ ಯಾರೂ ಹೇಳಿಕೊಡಲಿಲ್ಲ, ಆ ಸ್ಟೂಲು ಹೇಳಿಕೊಟ್ಟಿತು.

ಜನರನ್ನು ಬರೆಯುವುದಕ್ಕೆ ಬರುತ್ತೇನೆ. ಇಂಟರ್ನೆಟ್ಟಿನಲ್ಲಿ ಅದಕ್ಕೂ ಅಭ್ಯಾಸ ಇದೆ. 30 ಸೆಕೆಂಡಿಗೊಂದು ಫೋಟೋ ಬದಲಾಗುತ್ತೆ, ಅಷ್ಟರಲ್ಲಿ ಆ ಮೈಯ ಓಟವನ್ನು ನಾಲ್ಕು ಗೆರೆಯಲ್ಲಿ ಹಿಡಿಯಬೇಕು. ಮೂಗು ಬಾಯಿ ಬೇಡ. ನಾನು ಒಂದಷ್ಟು ದಿನ ಅದನ್ನೇ ಮಾಡಿದೆ. ಆದರೆ ಅಲ್ಲಿರುವವರು ಜಿಮ್ನಾಸ್ಟಿಕ್ ಮಾಡುವ ದಾಂಡಿಗರು. ನನ್ನ ಕಥೆಯಲ್ಲಿ ಅಂಥವರು ಒಬ್ಬರೂ ಇಲ್ಲ. ಅದಕ್ಕೆ ಅಂಗಡಿ ಬಾಗಿಲಲ್ಲಿ ಕೂತು ಬಸ್ಸಿಗೆ ಕಾಯುವವರನ್ನು ಬರೆಯಲು ಶುರು ಮಾಡಿದೆ. ಆಲೂಗಡ್ಡೆ ಮೂಟೆಗೆ ಒರಗಿ ನಿಂತ ರೈತ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡ ತಾಯಿ. 30 ಸೆಕೆಂಡ್ ಎಣಿಸುವುದೇ ಬೇಡ, ಬಸ್ ಬಂದರೆ ಅವರೇ ಹೊರಟುಬಿಡುತ್ತಾರೆ.

ಕಂಡಕ್ಟರ್ ಹೇಗೆ ನಿಲ್ಲುತ್ತಾರೆ ಅಂತ ಯಾವತ್ತಾದರೂ ನೋಡಿದ್ದೀರಾ? ಒಂದು ಕೈಯಲ್ಲಿ ಟಿಕೆಟ್ ಮಷಿನ್, ಇನ್ನೊಂದರಲ್ಲಿ ದುಡ್ಡು. ಕಂಬಿ ಹಿಡಿಯಲು ಕೈಯೇ ಇಲ್ಲ. ಅದಕ್ಕೆ ಸೊಂಟವನ್ನು ಸೀಟಿನ ಅಂಚಿಗೆ ಆನಿಸಿ, ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಾರೆ. ಭಾರ ಬಿದ್ದ ಕಾಲಿನ ಕಡೆ ಸೊಂಟ ಮೇಲೇಳುತ್ತೆ. ಅದೇ ಕಡೆಯ ಭುಜ ಕೆಳಗಿಳಿಯುತ್ತೆ. ತಲೆ ಮತ್ತೆ ಆಚೆ ವಾಲುತ್ತೆ. ಎಲ್ಲೋ ನೋಡಿದ ಹಾಗಿದೆ ಅಲ್ವಾ? ಬೇಲೂರು. ಮದನಿಕೆಯರು. ತ್ರಿಭಂಗ ಅಂತ ಗೈಡುಗಳು ಹೇಳುವುದು ಇದನ್ನೇ. 1117ರ ಬೇಲೂರಿನ ಗುಡಿಯಲ್ಲಿ ದರ್ಪಣ ಸುಂದರಿ ನಿಂತ ಹಾಗೇ ನಮ್ಮ ಸಕಲೇಶಪುರದ ಬಸ್ಸಿನ ಕಂಡಕ್ಟರ್ ನಿಂತಿರುತ್ತಾರೆ. ನಗಬೇಡಿ, ನಾನು ಎರಡನ್ನೂ ಪಕ್ಕಪಕ್ಕ ಬರೆದು ನೋಡಿದ್ದೇನೆ. ಒಂದು ಗುಟ್ಟು ಹೇಳುತ್ತೇನೆ. ಹಾಗೆ ಒಂಟಿ ಕಾಲಿನ ಮೇಲೆ ಭಾರ ಹಾಕಿ ನಿಂತವರ ಕತ್ತಿನ ಗುಳಿಯಿಂದ ನೇರ ಕೆಳಗೆ ಗೆರೆ ಎಳೆದರೆ, ಅದು ಭಾರ ಹೊತ್ತ ಪಾದದ ಹತ್ತಿರ ಬೀಳಬೇಕು. ಬೀಳದಿದ್ದರೆ ಮನುಷ್ಯ ಬೀಳುತ್ತಾನೆ. ಸೀಟಿಗೆ ಒರಗಿದ್ದರೆ ಮಾತ್ರ ಸ್ವಲ್ಪ ವಿನಾಯಿತಿ.

ಆರ್.ಕೆ. ಲಕ್ಷ್ಮಣ್ ಬಗ್ಗೆ ಒಂದು ಮಾತು. ಮುಂಬೈಯ ಜೆ.ಜೆ. ಆರ್ಟ್ ಸ್ಕೂಲ್ ಅವರನ್ನು ಸೇರಿಸಿಕೊಳ್ಳಲಿಲ್ಲ ಅನ್ನುವ ಕಥೆಯನ್ನು ಇಂಥ ಕಾರ್ಯಕ್ರಮಗಳಲ್ಲಿ ಎಲ್ಲರೂ ಹೇಳುತ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ. ನನಗೆ ಇಷ್ಟವಾಗುವುದು ಅವರ ಕಾಗೆಗಳು. ಮೈಸೂರಿನಲ್ಲಿ ಹುಡುಗನಾಗಿದ್ದಾಗ ಹಿಡಿದ ಕಾಗೆಯ ಹುಚ್ಚನ್ನು ಅವರು ಕೊನೆವರೆಗೂ ಬಿಡಲಿಲ್ಲ. ಅಷ್ಟು ಹೆಸರು ಮಾಡಿದ ಮೇಲೂ ಕಾಗೆ ಬರೆದರು. ನಿಮಗೂ ಒಂದು ಕಾಗೆ ಬೇಕು. ನನಗೆ ಕಂಡಕ್ಟರ್.

ಈಗ ಕಾಮಿಕ್ಸ್ ಪುಟಕ್ಕೆ ಬರೋಣ. ಇಲ್ಲಿ ನನ್ನ ಗುರು ಇಂಟರ್ನೆಟ್ಟಲ್ಲ, ಅಮೃತಪುರ. ಚಿಕ್ಕಮಗಳೂರು ಜಿಲ್ಲೆ, ತರೀಕೆರೆ ಹತ್ತಿರ. ಎರಡನೇ ವೀರ ಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ಗುಡಿ. ಅಲ್ಲಿ ಮಂಟಪದ ಹೊರಗೋಡೆಯ ಸುತ್ತ 140 ಚೌಕಗಳಲ್ಲಿ ಕಥೆ ಕೆತ್ತಿದ್ದಾರೆ. ದಕ್ಷಿಣಕ್ಕೆ 70 ಚೌಕ ರಾಮಾಯಣ. ಉತ್ತರಕ್ಕೆ 25 ಚೌಕ ಕೃಷ್ಣನ ಕಥೆ, 45 ಚೌಕ ಮಹಾಭಾರತ. ನಾನು ಸ್ಕೆಚ್ ಪುಸ್ತಕ ಹಿಡಿದು ಹೋದವನು ಸಂಜೆವರೆಗೆ ನಾಲ್ಕೇ ಚೌಕ ಬರೆದೆ. ಆದರೆ ನಿಂತು ನೋಡುವಾಗ ತಲೆ ತಿರುಗುವಂಥ ಒಂದು ವಿಷಯ ಸಿಕ್ಕಿತು.

ಪ್ರದಕ್ಷಿಣೆ ಹಾಕುವಾಗ ಗೋಡೆ ನಮ್ಮ ಬಲಕ್ಕಿರುತ್ತೆ. ನಿಂತು ಗೋಡೆಗೆ ಮುಖ ಮಾಡಿ ನೋಡಿ. ಮುಂದೆ ಹೋಗಬೇಕಾದ ದಾರಿ ಈಗ ನಿಮ್ಮ ಎಡಕ್ಕಿದೆ. ಅಂದರೆ ಪ್ರದಕ್ಷಿಣೆಯ ಕಥೆಯನ್ನು ಬಲದಿಂದ ಎಡಕ್ಕೆ ಓದಬೇಕು. ಜಪಾನಿನವರ ಮಾಂಗಾ ಕಾಮಿಕ್ಸ್ ಪುಸ್ತಕದ ಹಾಗೆ! ಉತ್ತರದ ಗೋಡೆ ಹಾಗೇ ಇದೆ. ಆದರೆ ದಕ್ಷಿಣದ ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತೆ. ಅದನ್ನು ನಮ್ಮ ಕನ್ನಡದ ಹಾಗೆ ಎಡದಿಂದ ಬಲಕ್ಕೆ ಓದಬಹುದು. ಒಂದೇ ಗುಡಿಯಲ್ಲಿ ಎರಡು ಥರದ ಓದು. ಯಾಕೆ ಹಾಗೆ ಮಾಡಿದರೋ, ಆ ಶಿಲ್ಪಿಗಳನ್ನೇ ಕೇಳಬೇಕು. ನನ್ನ ಪುಟದಲ್ಲಿ ಬಸ್ಸು ಬಲದಿಂದ ಎಡಕ್ಕೆ ಓಡುತ್ತಿತ್ತು, ಓದುವವರ ಕಣ್ಣು ಎಡದಿಂದ ಬಲಕ್ಕೆ. ಎರಡೂ ಡಿಕ್ಕಿ ಹೊಡೆಯುತ್ತಿದ್ದವು. ಮನೆಗೆ ಬಂದು ಮೊದಲು ಬಸ್ಸು ತಿರುಗಿಸಿದೆ.

ಇನ್ನೊಂದು ಮಾತು. ಅದೇ ಗುಡಿಯಲ್ಲಿ ಮಲ್ಲಿತಮ್ಮ ಅನ್ನುವ ಶಿಲ್ಪಿ ಕೆಲಸ ಶುರು ಮಾಡಿದ ಅಂತಾರೆ. ನಮ್ಮ ಚನ್ನರಾಯಪಟ್ಟಣ ತಾಲೂಕಿನ ನುಗ್ಗೇಹಳ್ಳಿ ಗುಡಿ 1246ರದ್ದು. ಅಲ್ಲೂ ಅವನ ಹೆಸರಿದೆ. ನಡುವೆ 50 ವರ್ಷ. ನನಗೆ 30 ದಿನದ ಕೋರ್ಸು ನೆನಪಾಯಿತು.

ಕನ್ನಡದಲ್ಲಿ ಕಾಮಿಕ್ಸ್ ಬರೆಯುವವರು ಒಂದು ವಿಷಯ ತಿಳಿದಿರಬೇಕು. ಇದನ್ನು ಇಂಗ್ಲಿಷ್ ವಿಡಿಯೋಗಳು ಹೇಳುವುದಿಲ್ಲ. ಪಾತ್ರಗಳ ಮಾತು ಬರೆಯುವ ಗುಳ್ಳೆಯಲ್ಲಿ ಅವರದು ಎಲ್ಲ ದೊಡ್ಡಕ್ಷರ, ಮಟ್ಟಸವಾಗಿ ಕೂರುತ್ತೆ. ನಮಗೆ ಮೇಲೆ ಗುಡಿಸು, ಕೆಳಗೆ ಒತ್ತು. ‘ಕಂಡಕ್ಟ್ರೇ, ಸ್ವಲ್ಪ ನಿಲ್ಸಿ’ ಅಂತ ಎರಡು ಸಾಲಿನಲ್ಲಿ ಬರೆದು ನೋಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತೆ. ಸಾಲಿನ ನಡುವೆ ಜಾಗ ಜಾಸ್ತಿ ಬೇಕು, ಗುಳ್ಳೆ ದೊಡ್ಡದಾಗುತ್ತೆ. ನಾನು ಮೊದಲು ಮುಖ ಬರೆದು ಆಮೇಲೆ ಗುಳ್ಳೆ ಹಾಕುತ್ತಿದ್ದೆ. ಕಷ್ಟಪಟ್ಟು ಬರೆದ ಕಂಡಕ್ಟರ್ ಟೋಪಿಯೆಲ್ಲ ಗುಳ್ಳೆಯ ಅಡಿಗೆ ಹೋಯಿತು. ಈಗ ಪುಟದ ಮೇಲೆ ಮೊದಲು ಮಾತು ಬರೆಯುತ್ತೇನೆ, ಉಳಿದ ಜಾಗದಲ್ಲಿ ಮನುಷ್ಯರನ್ನು ಕೂರಿಸುತ್ತೇನೆ. ಮೊದಲು ಮಾತಾಡುವವನು ಎಡಗಡೆ ಇರಲಿ. ಇದನ್ನು ಮರೆತು ನನ್ನ ಮೂರನೇ ಪುಟದಲ್ಲಿ ಪ್ರಶ್ನೆಗಿಂತ ಮೊದಲೇ ಉತ್ತರ ಬಂದಿದೆ. ಅದು ಹಾಗೇ ಇದೆ, ತಿದ್ದಲಿಲ್ಲ.

ಟ್ಯಾಬ್ಲೆಟ್ ಬೇಕಾ, ಯಾವ ಸಾಫ್ಟ್‌ವೇರ್ ಅಂತ ಚೀಟಿ ಬಂದಿದೆ. ಕ್ರಿಟಾ ಅಂತ ಒಂದಿದೆ, ದುಡ್ಡು ಕೊಡಬೇಕಿಲ್ಲ, ಕಂಪ್ಯೂಟರ್ ಇದ್ದರೆ ಸಾಕು. ನಾನು ಕಾಗದದ ಮೇಲೆ ಬರೆದು ಅಂಗಡಿಯ ಸ್ಕ್ಯಾನರಿನಲ್ಲಿ ಸ್ಕ್ಯಾನ್ ಮಾಡುತ್ತೇನೆ. ಅಷ್ಟು ಸಾಕು ಈ ವಿಷಯ.

ಕೊನೆಗೆ ತ್ರಿವಿಕ್ರಮನ ಸುದ್ದಿ. 250 ಡಬ್ಬಿ ಮುಗಿದ ಮೇಲೆ, ಹೆಚ್ಚುಕಡಿಮೆ ಎರಡು ವರ್ಷ ಕಳೆದು, ಒಂದು ರಾತ್ರಿ ಅಂಗಡಿ ಬಾಗಿಲು ಎಳೆದು ಕೂತೆ. ತಲೆಗೊಂದು, ಎದೆಗೊಂದು, ಸೊಂಟಕ್ಕೊಂದು ಡಬ್ಬಿ ಹಾಕಿ ರಾಜನನ್ನು ತಿರುಗಿಸಿದೆ. ಹೆಣದ ಕಾಲು ಮುಂದಕ್ಕೆ ಹೋಯಿತು. ತಲೆ ಹಿಂದಕ್ಕೆ ಜೋತುಬಿತ್ತು. ಆಗ ಗೊತ್ತಾಯಿತು, ಬೆನ್ನಿನ ಕಡೆಯಿಂದ ನೋಡಿದರೆ ರಾಜನ ಮುಖ ಕಾಣುವುದಿಲ್ಲ, ಬೇತಾಳನ ಮುಖ ಕಾಣುತ್ತೆ. ಕಥೆ ಹೇಳುವವನು ಅಷ್ಟು ವರ್ಷ ನಾನು ಬರೆಯದೇ ಬಿಟ್ಟ ಕಡೆಯೇ ಇದ್ದ. ತಲೆಕೆಳಗಾಗಿ, ಬಾಯಿ ತೆರೆದುಕೊಂಡು.

ಅಕ್ಕನ ಮಗಳಿಗೆ ಫೋಟೋ ಕಳಿಸಿದೆ. ಆ ಹೊತ್ತಿಗೆ ಅವಳಿಗೆ ಪಾಠ, ಟ್ಯೂಷನ್ನು. ಎರಡು ದಿನ ಬಿಟ್ಟು ಉತ್ತರ ಬಂತು.

‘ಸೂಪರ್ ಮಾಮ. ಈಗ ಮರದ ಮೇಲಿಂದ ಬರಿ.’